ನಲವತ್ತು ಸೂಜಿ

ಫೆಬ್ರವರಿ ೨, ಸೋಮವಾರ

ನಾನು ಈ ಕಲ್ಲಿನ ಕಾರ್ಖಾನೆಯ ಯಜಮಾನಿ. ಕಲ್ಲು ಕೊಯ್ಯುವ ಆರು ಚಕ್ರ, ಹದಿನಾಲ್ಕು ಜನ ಕೆಲಸಗಾರರು, ಒಂದು ಮೇನ್ ಸ್ವಿಚ್ಚು. ಆ ಸ್ವಿಚ್ಚಿನ ಪೆಟ್ಟಿಗೆಯ ಬೀಗದ ಕೈ ಇಪ್ಪತ್ತಾರು ವರ್ಷದಿಂದ ನನ್ನ ಸೊಂಟದಲ್ಲಿದೆ. ಬೆಳಿಗ್ಗೆ ಎಂಟಕ್ಕೆ ನಾನು ಹಾಕಿದರೆ ಚಕ್ರ ತಿರುಗುತ್ತದೆ, ಸಂಜೆ ಐದಕ್ಕೆ ನಾನು ಆರಿಸಿದರೆ ನಿಲ್ಲುತ್ತದೆ. ಯಜಮಾನರು ತೀರಿಹೋದ ವಾರವೂ ಬೇರೆಯವರ ಕೈಗೆ ಕೊಟ್ಟಿಲ್ಲ. ಚಕ್ರ ನಿಂತ ದಿನ ನನ್ನ ಉಸಿರೂ ನಿಲ್ಲುತ್ತದೆ ಎಂದು ಅವತ್ತೇ ಎಲ್ಲರೆದುರು ಹೇಳಿದ್ದೆ.

ಈ ಊರಿನ ಅರ್ಧ ಮನೆಗಳ ಬಾಗಿಲ ಹೆಸರು, ಮುಕ್ಕಾಲು ಸಮಾಧಿಗಳ ಹೆಸರು ನಮ್ಮಲ್ಲಿ ಕೆತ್ತಿದ್ದು. "ಬದುಕಿದ್ದಾಗ ನಮ್ಮ ಅಕ್ಷರದ ಕೆಳಗೆ ಓಡಾಡ್ತಾರೆ, ಸತ್ತ ಮೇಲೆ ನಮ್ಮ ಅಕ್ಷರದ ಕೆಳಗೆ ಮಲಗ್ತಾರೆ, ಹೋಗೋದೆಲ್ಲಿಗೆ?" ಎಂದು ನಮ್ಮ ಮುದುಕ ಮೇಸ್ತ್ರಿ ನಗುತ್ತಾನೆ.

ಹೈಸ್ಕೂಲು ಮುಗಿಸಿದ ಮೇಲೆ ಮನಸ್ಸಿನಲ್ಲಿದ್ದದ್ದನ್ನು ಕಾಗದಕ್ಕೆ ಹೇಳಿದವಳಲ್ಲ. ಇವತ್ತು ಹೇಳುತ್ತಿದ್ದೇನೆ. ಮನುಷ್ಯರ ಮುಂದೆ ಹೇಳಲು ಬಾಯಿ ಬರುವುದಿಲ್ಲ.

ಮಗಳ ಎದೆಯ ಫಿಲ್ಮನ್ನು ಡಾಕ್ಟರು ಬೆಳಕಿಗೆ ಹಿಡಿದರು. ಎರಡೂ ಕಡೆ ಬಿಳಿ ಕಾಳು, ಜರಡಿ ಹಿಡಿದ ರವೆಯ ಹಾಗೆ. ಅವಳ ಅಪ್ಪನ ಫಿಲ್ಮನ್ನು ಹಿಡಿದದ್ದೂ ಇದೇ ಬೆಳಕಿಗೆ.

"ಒಳಗೆ ಹೋದ ಧೂಳು ಹೊರಗೆ ಬರಲ್ಲಮ್ಮ. ಇನ್ನು ಹೋಗದ ಹಾಗೆ ನೋಡ್ಕೋಬಹುದು, ಅಷ್ಟೆ" ಎಂದರು.

ಅವಳು ನನಗೆ ಒಬ್ಬಳೇ ಮಗಳು. ಮೂವತ್ನಾಲ್ಕು ವರ್ಷ. ಮೊದಲನೇ ಚಕ್ರ ಅವಳದು. ಅವಳಷ್ಟು ನೇರವಾಗಿ ಅಂಚು ಕೊಯ್ಯುವ ಕೈ ನಮ್ಮಲ್ಲಿ ಇನ್ನೊಂದಿಲ್ಲ.

ದಾರಿಯಲ್ಲಿ ಹೇಳಿದೆ, "ನಾಳೆಯಿಂದ ನೀನು ಚಕ್ರಕ್ಕೆ ಕೂರಬೇಡ."

"ಸರಿ. ಯಾರನ್ನ ಕೂರಿಸ್ತೀಯಮ್ಮ?"

"ಯಾರನ್ನಾದರೂ."

"ಅವರಿಗೆ ಅಮ್ಮ ಇಲ್ವಾ?"

ಅವಳು ಮಧ್ಯಾಹ್ನ ಹೋಗಿ ಮೊದಲನೇ ಚಕ್ರದ ಮುಂದೆಯೇ ಕೂತಳು. ಹಟದಲ್ಲಿ ನನ್ನ ಮಗಳೇ.


ಫೆಬ್ರವರಿ ೫, ಗುರುವಾರ

ಮಗಳ ಗಂಡ ಬಂದು ಎದುರು ನಿಂತ. ಬಸ್ ನಿಲ್ದಾಣದ ಹತ್ತಿರ ಟೀವಿ ರಿಪೇರಿ ಅಂಗಡಿ ಇಟ್ಟಿದ್ದಾನೆ. ಮದುವೆಯಾಗಿ ಹತ್ತು ವರ್ಷದಿಂದ ನನ್ನ ಮನೆಯಲ್ಲೇ ಇದ್ದಾನೆ. ಇವತ್ತಿನ ತನಕ ನನ್ನೆದುರು ಮೂರು ಮಾತಿಗಿಂತ ಹೆಚ್ಚು ಆಡಿದವನಲ್ಲ.

"ಅತ್ತೆ, ಧೂಳನ್ನ ನೀರಲ್ಲಿ ಹಿಡೀಬಹುದು."

"ನೀರು ಬಿದ್ದರೆ ಕಲ್ಲಿನ ಮೇಲೆ ಬರೆದ ಗುರುತೆಲ್ಲ ತೊಳೆದು ಹೋಗುತ್ತೆ. ನಿಮ್ಮ ಮಾವನವರು ಕೊಳವೆ ಕಟ್ಟಿ ನೋಡಿದ್ದರು. ಮೇಲೆ ಕೆಸರು, ಕೆಳಗೆ ಕೆಸರು, ಮಧ್ಯೆ ಅಕ್ಷರವೇ ಇಲ್ಲ."

"ಅದು ದಪ್ಪ ಹನಿ. ದಪ್ಪ ಹನಿ ಸಣ್ಣ ಧೂಳನ್ನ ಪಕ್ಕಕ್ಕೆ ತಳ್ಳುತ್ತೆ, ಹಿಡಿಯಲ್ಲ. ಕೂದಲಿನಷ್ಟು ತೂತಿರೋ ಸೂಜಿಯಿಂದ ನೀರು ಬಿಟ್ಟು, ಹಳೇ ಟೀವಿಯೊಳಗಿನ ಹೈ ವೋಲ್ಟೇಜು ಕೊಟ್ರೆ, ಹನಿ ತಾನಾಗೇ ಹರಿದು ಹರಿದು ಹೊಗೆಯಷ್ಟು ಸಣ್ಣ ಆಗುತ್ತೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರು ಎಳೆಯುತ್ತಲ್ಲ, ಹಾಗೆ ಧೂಳನ್ನ ಎಳ್ಕೊಳ್ಳುತ್ತೆ. ಧೂಳು ನೆನೆಯುತ್ತೆ, ಕಲ್ಲು ನೆನೆಯಲ್ಲ."

ಇಷ್ಟು ಮಾತು ಇವನೊಳಗೆ ಎಲ್ಲಿತ್ತೋ. ಒಂದು ತಿಂಗಳು ಕೊಟ್ಟಿದ್ದೇನೆ. ಮೊದಲನೇ ಚಕ್ರದ ಮೇಲೆ ಮಾತ್ರ. ಚಕ್ರ ಮಾತ್ರ ನಿಲ್ಲಿಸಬಾರದು, ಎಂಟಕ್ಕೆ ಎಂದರೆ ಎಂಟಕ್ಕೆ.

ಮೇಸ್ತ್ರಿ ಕೇಳಿದ, "ಮಗಳ ಗಂಡ, ಮಗಳ ಗಂಡ ಅಂತೀರಲ್ಲ ಅಮ್ಮಾವ್ರೆ, ಅಳಿಯಂದ್ರು ಅಂದ್ರೆ ನಾಲಿಗೆ ಸವೆಯುತ್ತಾ?"

"ಅಳಿಯ ಅಲ್ಲ, ಮಗಳ ಗಂಡ ಅಂತ ಗಾದೆಯೇ ಇದೆ. ನನಗೆ ಅದರ ಎರಡನೇ ಅರ್ಧ ಸಾಕು" ಎಂದೆ.


ಫೆಬ್ರವರಿ ೯, ಸೋಮವಾರ

ಮಗಳ ಗಂಡ ತನ್ನ ಯಂತ್ರ ತೂಗುಹಾಕಿದ. ಎರಡು ಸಾಲು ಹಿತ್ತಾಳೆ ಕೊಳವೆ, ಸಾಲಿಗೆ ಇಪ್ಪತ್ತರಂತೆ ನಲವತ್ತು ಸೂಜಿ, ಬಾಯಿ ಕೆಳಗೆ. ಮೇಲೆ ಒಂದು ಡಬ್ಬ, ಅದರಲ್ಲಿ ಬ್ಯಾಟರಿಗೆ ಹಾಕುವ ಶುದ್ಧ ನೀರು. ಪಕ್ಕದಲ್ಲಿ ಟೀವಿಯ ಹೊಟ್ಟೆಯಿಂದ ಕಿತ್ತ ಪೆಟ್ಟಿಗೆ.

ಮೂರು ಗಂಟೆಗೆ ಎಲ್ಲರನ್ನೂ ದೂರ ನಿಲ್ಲಿಸಿ ಕರೆಂಟು ಕೊಟ್ಟ. ಪ್ರತಿ ಸೂಜಿಯ ಬಾಯಲ್ಲೂ ಒಂದೊಂದು ಹನಿ ತೂಗುತ್ತಿತ್ತು. ನೋಡುತ್ತಿದ್ದ ಹಾಗೇ ಆ ಹನಿಗಳು ಗುಬ್ಬಿಯ ಕೊಕ್ಕಿನಂತೆ ಚೂಪಾದವು. ಕೊಕ್ಕಿನ ತುದಿಯಿಂದ ಏನೋ ಬಿಚ್ಚಿಕೊಂಡಿತು. ನೀರು ಅನ್ನಲಾರೆ, ಹೊಗೆ ಅನ್ನಲಾರೆ. ಬಿಸಿಲು ಬಿದ್ದ ಕಡೆ ಮಾತ್ರ ಕಾಣುತ್ತಿತ್ತು. ಮಗಳು ಚಕ್ರಕ್ಕೆ ಕಲ್ಲು ಹಿಡಿದಳು. ಯಾವಾಗಲೂ ಅವಳ ಮುಖವನ್ನು ಮುಚ್ಚುತ್ತಿದ್ದ ಬಿಳಿ ಮೋಡ ಮೇಲೇಳಲೇ ಇಲ್ಲ, ಅವಳ ಪಾದದ ಹತ್ತಿರ ಬೂದಿಯಂತೆ ಕುಸಿಯಿತು. ಕಲ್ಲಿನ ಮೇಲಿನ ಸೀಸದಕಡ್ಡಿಯ ಗೆರೆ ಗೆರೆಯಾಗಿಯೇ ಉಳಿಯಿತು.

"ನೆಲ ಒದ್ದೆಯಾಯಿತು, ಒರೆಸಿ" ಎಂದೆ ಅಷ್ಟೆ.

ಐದಕ್ಕೆ ನಾನು ಸ್ವಿಚ್ಚು ಆರಿಸಿದ ಮೇಲೆ ಅವನು ತನ್ನ ಅಂಗಡಿಗೆ ಹೋದ. ಎಲ್ಲರೂ ಹೋದ ಮೇಲೆ ಎಂದಿನಂತೆ ನಾನೊಬ್ಬಳೇ ಉಳಿ, ಸುತ್ತಿಗೆ, ಚಕ್ರದ ಅಚ್ಚು ಎಲ್ಲಕ್ಕೂ ಎಣ್ಣೆಬಟ್ಟೆ ಸವರಿದೆ. ಈ ಛಾವಣಿಯ ಕೆಳಗೆ ಯಾವ ಉಪಕರಣವೂ ಎಣ್ಣೆ ಕಾಣದೆ ಮಲಗಬಾರದು. ನನ್ನ ಅತ್ತೆ ಕಲಿಸಿದ್ದು, ಒಂದು ದಿನವೂ ತಪ್ಪಿಸಿಲ್ಲ. ಅವನು ಸೂಜಿಗಳಿಗೆ ಹಕ್ಕಿಯ ಪಂಜರಕ್ಕೆ ಹೊದಿಸಿದ ಹಾಗೆ ಬಟ್ಟೆ ಹೊದಿಸಿ ಹೋಗಿದ್ದ. ಅದನ್ನೂ ಎತ್ತಿ, ನಲವತ್ತು ಸೂಜಿಗೂ ಬಟ್ಟೆ ಆಡಿಸಿ, ಮತ್ತೆ ಹೊದಿಸಿದೆ.


ಫೆಬ್ರವರಿ ೧೦, ಮಂಗಳವಾರ

ಬೆಳಿಗ್ಗೆ ಮಂಜೂ ಇಲ್ಲ, ಗಿಂಜೂ ಇಲ್ಲ. ಅರ್ಧ ಸೂಜಿ ಕಟ್ಟಿಕೊಂಡಿವೆ, ಉಳಿದವು ಸೊಟ್ಟಗೆ ಉಗುಳುತ್ತಿವೆ. ಎರಡು ಕಡೆ ನೀಲಿ ಕಿಡಿ ಹಾರಿತು. ಅವನು ಒಂದೊಂದನ್ನೇ ಬಿಚ್ಚಿ ತಂತಿ ತೂರಿಸಿ, ಸ್ಪಿರಿಟ್ಟಿನಲ್ಲಿ ತೊಳೆದು ಮುಗಿಸುವಾಗ ಎರಡು ಗಂಟೆ. ಆಮೇಲೆ ಚೆನ್ನಾಗಿ ನಡೆಯಿತು. ಅಷ್ಟರಲ್ಲಿ ಮಗಳು ಆರು ಗಂಟೆ ಒಣ ಧೂಳು ಕುಡಿದಿದ್ದಳು.

ಎಂಟಕ್ಕೆ ಸ್ವಿಚ್ಚು ಹಾಕಿದವಳು ನಾನೇ.


ಫೆಬ್ರವರಿ ೧೩, ಶುಕ್ರವಾರ

ನಾಲ್ಕನೇ ದಿನವೂ ಅದೇ ಕಥೆ. ಸಂಜೆ ಬಂಗಾರ, ಬೆಳಿಗ್ಗೆ ಕಬ್ಬಿಣ.

"ಸೂಜಿ ಬಾಯಲ್ಲಿ ಬೂದು ಅಂಟು ಕೂರ್ತಾ ಇದೆ ಅತ್ತೆ. ಏನೋ ಜಿಡ್ಡು. ಚಕ್ರದ ಬೇರಿಂಗಿನಿಂದ ಎಣ್ಣೆ ಹಾರ್ತಾ ಇರಬಹುದಾ?"

ಮೈ ಉರಿಯಿತು. "ಈ ಚಕ್ರಗಳನ್ನ ನಾನು ಹಸುಗೂಸಿನ ಹಾಗೆ ನೋಡ್ಕೊಂಡಿದ್ದೀನಿ. ಒಂದು ಹನಿ ಹೊರಗೆ ಬಂದಿದ್ದು ತೋರಿಸಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಎಲ್ಲರೂ ಕೇಳಿಸಿಕೊಂಡರು. ಅವನು ತಲೆ ಬಗ್ಗಿಸಿ ತಂತಿ ತೂರಿಸತೊಡಗಿದ. ಬೆರಳ ತುದಿಗಳೆಲ್ಲ ಸೂಜಿ ಚುಚ್ಚಿ ಜಾಳಾಗಿವೆ.

ಮಗಳಿಗೆ ರಾತ್ರಿ ಮಲಗಿದರೆ ಉಸಿರು ಸಿಗುವುದಿಲ್ಲ. ಗೋಡೆಗೆ ಮೂರು ದಿಂಬು ಇಟ್ಟು ಕೂತೇ ನಿದ್ದೆ ಮಾಡುತ್ತಾಳೆ.


ಫೆಬ್ರವರಿ ೧೮, ಬುಧವಾರ

ಇವತ್ತೂ ಇಲ್ಲ.

ಸಂಜೆ ಸೂಜಿಗಳ ಮುಂದೆ ಬಹಳ ಹೊತ್ತು ನಿಂತೆ. ಪಾಪ, ಅವುಗಳ ತಪ್ಪೇನು. ಒಂದೊಂದಕ್ಕೂ ಒಂದೊಂದು ತೊಟ್ಟು ಹೆಚ್ಚಿಗೆ ಎಣ್ಣೆ ಹಾಕಿ, ನಾಳೆಯಾದರೂ ನಡೆಯಿರಿ ಎಂದು ಬಾಯಿಬಿಟ್ಟು ಹೇಳಿದೆ. ಯಾರಾದರೂ ನೋಡಿದ್ದರೆ ಮುದುಕಿಗೆ ತಲೆ ಕೆಟ್ಟಿದೆ ಅನ್ನುತ್ತಿದ್ದರು.


ಫೆಬ್ರವರಿ ೧೯, ಗುರುವಾರ

ನಲವತ್ತರಲ್ಲಿ ಮೂವತ್ತಾರು ಕಟ್ಟಿದ್ದವು. ಇಷ್ಟು ಕೆಟ್ಟದಾಗಿ ಯಾವತ್ತೂ ಆಗಿರಲಿಲ್ಲ.


ಫೆಬ್ರವರಿ ೨೧, ಶನಿವಾರ

ತಾಳ್ಮೆ ಕಳೆದುಕೊಂಡೆ. "ಕೆಟ್ಟ ಟೀವಿ ಮುಂದೆ ಕೂತು ಕೂತು ನಿಮ್ಮ ತಲೆಯೂ ಕೆಟ್ಟಿದೆ. ಹೆಂಡತಿಯ ಎದೆ ಮೇಲೆ ಆಟ ಆಡ್ತಾ ಇದ್ದೀರಿ" ಎಂದೆ. ಹದಿನಾಲ್ಕು ಜನರ ಮುಂದೆ.

ಮಗಳು ಚಕ್ರದಿಂದ ಎದ್ದು ಬಂದು, ಕೆಮ್ಮು ನಿಲ್ಲುವವರೆಗೆ ಕಂಬ ಹಿಡಿದುಕೊಂಡು ನಿಂತು, ಆಮೇಲೆ ಹೇಳಿದಳು: "ಅವರು ಬೆಳಿಗ್ಗೆ ಎಂಟರ ಬದಲು ಎರಡಕ್ಕೆ ಚಕ್ರ ಹಾಕಿ ಅಂತ ಒಂದು ಸಲ ಕೇಳಿದ್ರೆ ನೀನು ಕೇಳ್ತಿದ್ಯಾ ಅಮ್ಮ? ಅದಕ್ಕೇ ಕೇಳಲಿಲ್ಲ."


ಫೆಬ್ರವರಿ ೨೩, ಸೋಮವಾರ

ಆಸ್ಪತ್ರೆಯ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ಹತ್ತೂವರೆಗೆ ಮಗಳು ಚಕ್ರದ ಮುಂದೆಯೇ ಕುಸಿದಳು. ತುಟಿ ಶಾಯಿ ಕುಡಿದವಳ ಹಾಗಿತ್ತು. ಅಳಿಯ ಅವಳನ್ನು ಎತ್ತಿಕೊಂಡು ಆಟೋದವರೆಗೆ ಓಡಿದ, ಕಾಲಿಗೆ ಚಪ್ಪಲಿ ಇರಲಿಲ್ಲ. ಈಗ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದ್ದಾರೆ.

ಬೀಗದ ಕೈಯನ್ನು ಮೇಸ್ತ್ರಿಗೆ ಕೊಟ್ಟು ಬಂದೆ. ಸೊಂಟ ಹಗುರಾಗಿದೆ, ಕೈ ಪದೇಪದೇ ಅಲ್ಲಿಗೇ ಹೋಗುತ್ತದೆ. ಚಕ್ರ ನಿಲ್ಲಿಸು ಎಂದು ಮಾತ್ರ ಹೇಳಿ ಬರಲಿಲ್ಲ. ಎಂಥ ಹೆಂಗಸು ನಾನು.


ಫೆಬ್ರವರಿ ೨೫, ಬುಧವಾರ

ಮಗಳನ್ನು ಮನೆಗೆ ಕರೆತಂದೆವು. ಮೆಟ್ಟಿಲು ಹತ್ತುವಾಗ ನಾಲ್ಕು ಕಡೆ ನಿಂತಳು. ಇರುವುದು ಒಂಬತ್ತೇ ಮೆಟ್ಟಿಲು.

ಮೇಸ್ತ್ರಿ ಕಣ್ಣರಳಿಸಿ ಓಡಿ ಬಂದು ಬೀಗದ ಕೈ ವಾಪಸು ಕೊಟ್ಟ. "ಸೋಮವಾರ ರಾತ್ರಿ ಅಳಿಯಂದ್ರು ಬಂದು ತೊಳೆದು ಹೋದ್ರಲ್ಲ, ನಿನ್ನೆನೂ ಇವತ್ತೂ ಬೆಳಿಗ್ಗೆಯಿಂದಲೇ ಮಂಜು ಅಮ್ಮಾವ್ರೆ! ನಲವತ್ತಕ್ಕೆ ನಲವತ್ತು! ನಾನೇ ಕೂತಿದ್ದೆ ಮೊದಲನೇ ಚಕ್ರಕ್ಕೆ, ನನ್ನ ಮೀಸೆ ಕಪ್ಪಗೇ ಇದೆ ನೋಡಿ."

"ನಿನ್ನ ಮೀಸೆ ಯಾವತ್ತು ಕಪ್ಪಗಿತ್ತು?" ಎಂದೆ. ಸಂಜೆ ಎಲ್ಲರಿಗಿಂತ ಕೊನೆಗೆ ಉಳಿದು, ಎರಡು ದಿನ ತಪ್ಪಿದ್ದಕ್ಕೂ ಸೇರಿಸಿ ಎಲ್ಲ ಉಪಕರಣಕ್ಕೂ ಧಾರಾಳವಾಗಿ ಎಣ್ಣೆ ಸವರಿದೆ.


ಫೆಬ್ರವರಿ ೨೭, ಶುಕ್ರವಾರ

ನಿನ್ನೆ ಬೆಳಿಗ್ಗೆ ಇಲ್ಲ. ಇವತ್ತು ಬೆಳಿಗ್ಗೆ ಇಲ್ಲ. ಅಳಿಯ ಏಣಿಯ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಸೋಮವಾರ ಸಂಜೆ ಬಿಚ್ಚಿಬಿಡ್ತೀನಿ ಅತ್ತೆ" ಎಂದ. ನನಗೆ ಬೈಯುವ ಶಕ್ತಿಯೂ ಇರಲಿಲ್ಲ.

ಸಂಜೆ ನಾನು ಎಣ್ಣೆಬಟ್ಟೆ ಹಿಡಿದಾಗ ಮೇಸ್ತ್ರಿ ತನ್ನ ಬುತ್ತಿಡಬ್ಬಿ ಮರೆತು ವಾಪಸು ಬಂದ. "ನೀವಿಲ್ಲದಾಗ ಉಳಿಗೆಲ್ಲ ನಾನೇ ಎಣ್ಣೆ ಹಚ್ಚಿದೆ, ಗೊತ್ತಾ? ಒಂದೂ ಬಿಡಲಿಲ್ಲ. ಆ ಕರೆಂಟು ಸೂಜಿ ಮುಟ್ಟೋಕೆ ಮಾತ್ರ ನನಗೆ ಹೆದರಿಕೆ, ಅದನ್ನ ಬಿಟ್ಟೆ."

ಅವನು ಹೋದ. ನಾನು ನಿಂತೇ ಇದ್ದೆ. ಕಾಲ ಕೆಳಗಿನ ನೆಲ ಎಷ್ಟು ಗಟ್ಟಿ ಎಂದು ಕಾಲಿನಿಂದ ಒತ್ತಿ ನೋಡಿದೆ.

ಆಮೇಲೆ ಬಟ್ಟೆ ಎತ್ತಿ, ಬಲಗಡೆಯ ಇಪ್ಪತ್ತು ಸೂಜಿಗೆ ಎಣ್ಣೆ ಸವರಿದೆ. ಎಡಗಡೆಯ ಇಪ್ಪತ್ತನ್ನು ಅಳಿಯ ತೊಳೆದಿಟ್ಟು ಹೋಗಿದ್ದ ಹಾಗೆಯೇ ಬಿಟ್ಟೆ.


ಫೆಬ್ರವರಿ ೨೮, ಶನಿವಾರ

ಎಡಗಡೆ ಇಪ್ಪತ್ತೂ ಮಂಜು. ಬಲಗಡೆ ಹದಿನೇಳು ಕಟ್ಟಿವೆ, ಮೂರು ಉಗುಳುತ್ತಿವೆ.

ಅಳಿಯ ಒಂದು ಸಾಲು ನೋಡುತ್ತಾನೆ, ಇನ್ನೊಂದು ಸಾಲು ನೋಡುತ್ತಾನೆ. ಮಟ್ಟದ ಪಟ್ಟಿ ತಂದು ಕೊಳವೆ ವಾಲಿದೆಯಾ ಎಂದು ಅಳೆಯುತ್ತಾನೆ. ನಾನು ಕಿಟಕಿಯ ಹತ್ತಿರ ನನ್ನ ಕುರ್ಚಿಯಲ್ಲಿ ಕೂತಿದ್ದೆ. ಎಣ್ಣೆಗೆ ಧೂಳು ಅಂಟಿ ಕೆಸರಾಗಿ ಕೂದಲಿನಷ್ಟು ತೂತಿನಲ್ಲಿ ಕೂರುತ್ತದೆ. ಹೈಸ್ಕೂಲು ಓದಿದವಳಿಗೆ ಇಷ್ಟು ತಿಳಿಯಲು ಇಷ್ಟು ದಿನ ಬೇಕಾಯಿತು.

ಕ್ಯಾಲೆಂಡರ್ ನೋಡಿ ಎಣಿಸಿದೆ. ಅವಳು ಕುಸಿಯುವವರೆಗೆ ಹನ್ನೆರಡು ಬೆಳಿಗ್ಗೆ. ಅವಳ ಗಂಡ ಹಿಡಿದು ನಿಲ್ಲಿಸಿದ್ದ ಧೂಳನ್ನು ಹನ್ನೆರಡು ಬೆಳಿಗ್ಗೆ ನಾನು ನನ್ನ ಕೈಯಾರೆ ಮಗಳ ಎದೆಗೆ ಸುರಿದಿದ್ದೇನೆ. ಡಾಕ್ಟರು ಹೇಳಿದ್ದಾರೆ, ಒಳಗೆ ಹೋದದ್ದು ಹೊರಗೆ ಬರುವುದಿಲ್ಲ.


ಮಾರ್ಚ್ ೧, ಭಾನುವಾರ

ಯಾರಿಗೂ ಗೊತ್ತಿಲ್ಲ. ನಿನ್ನೆ ಸಂಜೆ ಸೂಜಿ ಮುಟ್ಟಲಿಲ್ಲ, ಇನ್ನು ಮುಟ್ಟುವುದೂ ಇಲ್ಲ. ಯಂತ್ರ ಸರಿಹೋಗುತ್ತದೆ, ಅಳಿಯನಿಗೆ ಹೆಸರು ಬರುತ್ತದೆ, ಆರೂ ಚಕ್ರಕ್ಕೆ ಮಂಜು ಬರುತ್ತದೆ. ಹೇಳಿ ಯಾರಿಗೆ ಏನಾಗಬೇಕು? ಸತ್ತ ಅತ್ತೆಯ ಮಾತು ನಡೆಸಿದೆ, ಅದು ತಪ್ಪಾ? ಅರವತ್ತೆಂಟು ವರ್ಷದ ಮೇಲೆ ಕೆಲಸದವರ ಮುಂದೆ ತಲೆ ತಗ್ಗಿಸಲಾ?

ಪಕ್ಕದ ಕೋಣೆಯಲ್ಲಿ ಮಗಳು ಕೆಮ್ಮುತ್ತಿದ್ದಾಳೆ. ಇಷ್ಟು ಬರೆಯುವುದರೊಳಗೆ ಏಳು ಸಲ.


ಮಾರ್ಚ್ ೨, ಸೋಮವಾರ

ಬೆಳಿಗ್ಗೆ ನಲವತ್ತೂ ಮಂಜು ಬಿಟ್ಟವು. ಕೆಲಸದವರು ಚಪ್ಪಾಳೆ ಹೊಡೆದರು. ಅಳಿಯ ನಗಲಿಲ್ಲ.

"ನಾಳೆ ಬಿಚ್ಚಿಬಿಡ್ತೀನಿ" ಎಂದ.

"ಹುಚ್ಚಾ ನಿಮಗೆ? ನಡೀತಾ ಇದೆಯಲ್ಲ?"

"ಯಾಕೆ ಕೆಟ್ಟಿತ್ತು ಗೊತ್ತಿಲ್ಲ ಅತ್ತೆ. ಯಾಕೆ ಸರಿಹೋಯ್ತು, ಅದೂ ಗೊತ್ತಿಲ್ಲ. ಇದನ್ನ ನಂಬಿ ಜನ ಮೂಗಿನ ಬಟ್ಟೆ ಬಿಚ್ಚಿ ಕೂರ್ತಾರೆ. ನಾಡಿದ್ದು ಮತ್ತೆ ಕೈ ಕೊಟ್ರೆ? ಕಾರಣ ಗೊತ್ತಿಲ್ಲದ ಯಂತ್ರದ ಕೆಳಗೆ ನಾನು ಇನ್ನೊಬ್ಬರನ್ನ ಕೂರಿಸಲ್ಲ. ಒಬ್ಬಳನ್ನ ಕೂರಿಸಿ ಆಯ್ತು."

ಅವನು ತನ್ನನ್ನೇ ಅಪರಾಧಿ ಎಂದುಕೊಂಡಿದ್ದಾನೆ. ಹಾಗೆ ಎಂದುಕೊಳ್ಳುವಂತೆ ಮಾಡಿದ್ದೂ ನಾನೇ.


ಮಾರ್ಚ್ ೩, ಮಂಗಳವಾರ

ಎಂಟಕ್ಕೆ ಸ್ವಿಚ್ಚು ಹಾಕಲಿಲ್ಲ. ಎಲ್ಲರನ್ನೂ ಕರೆದೆ. ಮಗಳು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತಳು. ಅಳಿಯ ಸ್ಪ್ಯಾನರ್ ಹಿಡಿದು ಏಣಿ ಹತ್ತುತ್ತಿದ್ದ.

"ಇಳಿಯಪ್ಪ" ಎಂದೆ. ಎಣ್ಣೆಡಬ್ಬಿಯನ್ನೂ ಬಟ್ಟೆಯನ್ನೂ ಮೇಜಿನ ಮೇಲೆ ಇಟ್ಟೆ. ಹೇಳಿದೆ. ದಿನ ಎಷ್ಟು, ಸಂಜೆ ಎಷ್ಟು ಗಂಟೆಗೆ, ಹೆಚ್ಚು ಎಣ್ಣೆ ಹಾಕಿದ್ದು ಯಾವತ್ತು, ಒಂದು ಸಾಲು ಬಿಟ್ಟು ನೋಡಿದ್ದು ಯಾವತ್ತು, ಭಾನುವಾರ ಮುಚ್ಚಿಡಬೇಕು ಎಂದುಕೊಂಡದ್ದು.

ಅಳಿಯ ಮೊದಲು ಕೇಳಿದ್ದು: "ಯಾವ ಎಣ್ಣೆ ಅತ್ತೆ?"

ಡಬ್ಬಿ ತೋರಿಸಿದೆ. ಎರಡು ಬೆರಳಲ್ಲಿ ತೆಗೆದು ಉಜ್ಜಿ ಮೂಸಿದ. "ಇದೇ. ಇದೇ ಜಿಡ್ಡು" ಎಂದ. ನಕ್ಕ. ನಗುತ್ತಾ ನಗುತ್ತಾ ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು ಅಳತೊಡಗಿದ.

ಮೇಸ್ತ್ರಿ, "ಬಿಡಿ ಅಮ್ಮಾವ್ರೆ, ಮಕ್ಕಳ ತಲೆಗೆ ಹಚ್ಚೋ ಹಾಗೆ ಹಚ್ಚಿದ್ದೀರಿ, ವಿಷ ಹಾಕಲಿಲ್ಲವಲ್ಲ" ಎಂದ.

"ವಿಷವೇ ಹಾಕಿದೆ. ನೀನು ಸುಮ್ಮನಿರು" ಎಂದೆ.

ಮಗಳ ಮುಖ ನೋಡಲು ಧೈರ್ಯ ಬರಲಿಲ್ಲ. ಅವಳೇ ಹೇಳಿದಳು, "ಹದಿನೈದು ವರ್ಷ ಆ ಚಕ್ರಕ್ಕೆ ಕೂತಿದ್ದೀನಮ್ಮ. ಹನ್ನೆರಡು ಬೆಳಿಗ್ಗೆ ಮಾತ್ರ ಎಣಿಸ್ತೀಯಲ್ಲ."

ಸೊಂಟದಿಂದ ಬೀಗದ ಕೈ ಬಿಚ್ಚಿದೆ. ಗಂಟು ಗಟ್ಟಿಯಾಗಿತ್ತು, ಬಿಡಿಸಲು ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಬರಲಿಲ್ಲ, ಬರುವ ಧೈರ್ಯ ಯಾರಿಗಿದೆ. ಅಳಿಯನ ಕೈಯಲ್ಲಿಟ್ಟೆ.

"ಮಂಜು ಬಂದ ಚಕ್ರ ಮಾತ್ರ ತಿರುಗಲಿ. ಉಳಿದ ಐದಕ್ಕೆ ನೀನು ಸೂಜಿ ಕಟ್ಟುವವರೆಗೆ ಅವು ನಿಂತೇ ಇರಲಿ. ನಲವತ್ತರಲ್ಲಿ ಒಂದು ಸೂಜಿ ಕೆಟ್ಟರೂ ಸ್ವಿಚ್ಚು ಹಾಕಬೇಡ. ನಾನು ಹೇಳಿದರೂ ಹಾಕಬೇಡ."


ಮಾರ್ಚ್ ೬, ಶುಕ್ರವಾರ

ಇವತ್ತು ಬೆಳಿಗ್ಗೆ ಮೂರು ಸೂಜಿ ತೊಟ್ಟಿಕ್ಕುತ್ತಿದ್ದವು. ಎಣ್ಣೆಯಲ್ಲ, ಡಬ್ಬಕ್ಕೆ ಯಾರೋ ನಲ್ಲಿ ನೀರು ಹಾಕಿದ್ದರು. ಅಳಿಯ ಎಲ್ಲವನ್ನೂ ಬಿಚ್ಚಿ ತೊಳೆಯಲು ಕೂತ. ಎಂಟಾಯಿತು. ಒಂಬತ್ತಾಯಿತು. ಇದ್ದ ಒಂದು ಚಕ್ರವೂ ನಿಂತಿತ್ತು.

ಆ ಕಟ್ಟಡ ಹಗಲಿನಲ್ಲಿ ಇಷ್ಟು ನಿಶ್ಶಬ್ದವಾಗಿದ್ದದ್ದನ್ನು ನಾನು ಕೇಳಿಯೇ ಇರಲಿಲ್ಲ. ಮೊದಲು ಮೇಸ್ತ್ರಿ ಕೆಮ್ಮಿದ. ಆಮೇಲೆ ಮೂರನೇ ಚಕ್ರದವನು. ಆಮೇಲೆ ಕಲ್ಲು ಹೊರುವ ಇಬ್ಬರು, ಉಜ್ಜುವ ಹೆಂಗಸು, ಒಬ್ಬರಾದ ಮೇಲೆ ಒಬ್ಬರು. ಒಳಗಿನ ಕೋಣೆಯಲ್ಲಿ ಕಲ್ಲಿಗೆ ಸೀಸದಕಡ್ಡಿಯಲ್ಲಿ ಅಕ್ಷರ ಬರೆಯುತ್ತಿದ್ದ ಮಗಳು. ಇಪ್ಪತ್ತಾರು ವರ್ಷ ಚಕ್ರದ ಸದ್ದಿನ ಕೆಳಗೆ ಇದೆಲ್ಲ ಇತ್ತು.

ಸೊಂಟಕ್ಕೆ ಕೈ ಹೋಯಿತು. ಅಲ್ಲಿ ಏನೂ ಇರಲಿಲ್ಲ.

ಹತ್ತೂವರೆಗೆ ಅಳಿಯ ತಲೆ ಎತ್ತಿ ನನ್ನ ಕಡೆ ನೋಡಿದ, ಬೈಸಿಕೊಳ್ಳಲು ಸಿದ್ಧನಾದವನ ಹಾಗೆ.

"ಇನ್ನೂ ಒಂಬತ್ತು ಇವೆ ಅತ್ತೆ."

"ನಿಧಾನಕ್ಕೆ ಮಾಡಪ್ಪ" ಎಂದೆ.

ಚಕ್ರ ನಿಂತೇ ಇತ್ತು. ನಾನು ಅದರ ಮುಂದೆ ಕುರ್ಚಿ ಹಾಕಿಕೊಂಡು, ಅವನು ತೊಳೆದು ಕೊಟ್ಟ ಸೂಜಿಗಳನ್ನು ಒಂದೊಂದಾಗಿ ಒಣ ಬಟ್ಟೆಯ ಮೇಲೆ ಜೋಡಿಸುತ್ತಾ ಉಸಿರಾಡುತ್ತಿದ್ದೆ.